ಗೋಪಿನಾಥನ ಸರ್ಚ್ ವಿಂಡೋ, ಊರವರ ಸೋಪು

ಅಮೆರಿಕದ ಕ್ಯಾರೊಲೈನಾದ ಏಪೆಕ್ಸ್ ಊರಿನಲ್ಲಿ ಯಾರ ಗೋಜಿಗೂ ಹೋಗದ ಒಬ್ಬ ಮನುಷ್ಯನಿದ್ದರೆ ಅವನು ಗೋಪಿನಾಥ. ಆದರೂ ೧೯೯೮ರ ಮಾರ್ಚಿನಲ್ಲಿ ಒಂದು ವಾರ, ಅವನು ಎದುರಿಗೆ ಬಂದರೆ ಕನ್ನಡದವರೆಲ್ಲ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಏಪೆಕ್ಸಿನಲ್ಲಿ ರಸ್ತೆ ಮೇಲೆ ನಡೆಯುವವರೇ ಇಲ್ಲವಾದ್ದರಿಂದ, ಕಾರನ್ನು ಬೇರೆ ಲೇನಿಗೆ ಹಾಕಿಕೊಳ್ಳುತ್ತಿದ್ದರು ಎನ್ನುವುದೇ ಹೆಚ್ಚು ಸರಿ.

ಇದಕ್ಕೆಲ್ಲ ಕಾರಣ ಅವನ ಆಫೀಸಿನ ಒಂದು ವಿಂಡೋ.

ಅವನ ಕಂಪನಿ ಚಿಕ್ಕದು. ಪ್ರೋಗ್ರಾಂ ಬರೆಯುವವರು ಕೂತು ಬರೆಯುವುದಕ್ಕೆ ಬೇಕಾದ ಸಾಫ್ಟ್‌ವೇರನ್ನೇ ಮಾಡಿ ಮಾರುತ್ತಿತ್ತು. ಬಡಗಿಗೆ ಉಳಿ ಮಾಡಿಕೊಡುವವರಿದ್ದಾರಲ್ಲ, ಹಾಗೆ. ಆ ಟೂಲಿನಲ್ಲಿ ಎಲ್ಲವೂ ಚೆನ್ನಾಗಿತ್ತು, ಹುಡುಕುವುದೊಂದನ್ನು ಬಿಟ್ಟು. ಏನಾದರೂ ಹುಡುಕಬೇಕೆಂದರೆ ಪರದೆಯ ನಟ್ಟನಡುವೆ ಒಂದು ವಿಂಡೋ ಬಂದು ಕೂರುತ್ತಿತ್ತು, ಕರೆಯದೆ ಬಂದ ನೆಂಟನ ಹಾಗೆ. ಅದನ್ನು ಮುಚ್ಚುವ ತನಕ ಬೇರೇನೂ ಮಾಡುವಂತಿಲ್ಲ. ಹುಡುಕಿದ್ದು ಸಿಕ್ಕರೂ ಸರಿಯಾಗಿ ಆ ವಿಂಡೋದ ಅಡಿಯಲ್ಲೇ ಸಿಗುತ್ತಿತ್ತು. ಒಂದೊಂದಾಗಿ ತೋರಿಸುತ್ತಿತ್ತೇ ಹೊರತು ಒಟ್ಟು ಎಷ್ಟಿವೆ ಎಂದು ಬಾಯಿ ಬಿಡುತ್ತಿರಲಿಲ್ಲ. ಸಿಗದಿದ್ದರೆ ಢಣ್ ಎಂದು ಸದ್ದು ಮಾಡಿ ಇಡೀ ಆಫೀಸಿಗೆ ಸುದ್ದಿ ಮುಟ್ಟಿಸುತ್ತಿತ್ತು.

ಆ ಢಣ್ ಕೇಳಿದಾಗಲೆಲ್ಲ ಗೋಪಿನಾಥನಿಗೆ ತನ್ನದೇ ತಪ್ಪೇನೋ ಅನ್ನಿಸುತ್ತಿತ್ತು. ಅವನ ಸ್ವಭಾವವೇ ಹಾಗೆ. ಪಕ್ಕದ ಮೇಜಿನವನು ಕೆಮ್ಮಿದರೂ ಕಿಟಕಿ ತೆಗೆದವನು ತಾನೇ ಏನೋ ಎಂದು ಯೋಚಿಸುವವನು. ಹಾಗಾಗಿ ಯಾರೂ ಹೇಳದೆ, ಯಾರನ್ನೂ ಕೇಳದೆ, ಐದು ತಿಂಗಳು ಊಟದ ಹೊತ್ತಿನಲ್ಲಿ ಕೂತು ಹೊಸದೊಂದು ಮಾಡಿದ. ಪರದೆಯ ಕೆಳಗೆ ಪಟ್ಟಿಯಂಥ ಒಂದು ಹೊಸ ವಿಂಡೋ. ಹುಡುಕುವ ಪದ ಕೊಟ್ಟರೆ, ಅದು ಎಲ್ಲೆಲ್ಲಿದೆಯೋ ಅಷ್ಟೂ ಜಾಗ ಆ ಪಟ್ಟಿಯಲ್ಲಿ ಸಾಲಾಗಿ ಬಂದು ನಿಲ್ಲುತ್ತದೆ, ಯಾವ ಫೈಲು, ಎಷ್ಟನೇ ಸಾಲು, ಆ ಸಾಲಿನಲ್ಲೇನಿದೆ ಎಲ್ಲ ಸಮೇತ. ಬೇಕಾದ್ದರ ಮೇಲೆ ಒತ್ತಿದರೆ ಅಲ್ಲಿಗೇ ಕರೆದುಕೊಂಡು ಹೋಗಿ ಬಿಡುತ್ತದೆ. ಸದ್ದಿಲ್ಲ, ಅಡ್ಡಿಯಿಲ್ಲ.

ಮಂಗಳವಾರ ಅದನ್ನು ಮ್ಯಾನೇಜರ್ ಡಾರ್ಲೀನಳಿಗೆ ತೋರಿಸಿದ. ಡಾರ್ಲೀನ್ ಹುಟ್ಟಿ ಬೆಳೆದದ್ದು ಕ್ಯಾರೊಲೈನಾದಲ್ಲೇ. ಮಾತು ನಿಧಾನ, ತೀರ್ಮಾನ ಚುರುಕು.

"ನನಗೆ ಇಷ್ಟವಾಯಿತು. ಆದರೆ ನನ್ನ ಇಷ್ಟಕ್ಕೆ ಬೆಲೆ ಇಲ್ಲ," ಎಂದಳು. "ಹೊರಗಿನ ಐದು ಜನ ಪ್ರೋಗ್ರಾಮರ್‌ಗಳನ್ನು ಕೂರಿಸಿ ಟೆಸ್ಟ್ ಮಾಡು. ಸೋಮವಾರ ಹತ್ತು ಗಂಟೆಗೆ ಅವರ ಮಾತು ರೆಕಾರ್ಡ್ ಮಾಡಿದ ಟೇಪ್ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಈ ರಿಲೀಸಿಗೆ ಹಳೆಯ ವಿಂಡೋವೇ ಹೋಗುತ್ತದೆ. ಮುಂದಿನ ರಿಲೀಸ್ ಯಾವಾಗಲೋ ನನಗೇ ಗೊತ್ತಿಲ್ಲ."

ಜೊತೆಗೆ ಮೂರು ನಿಯಮ ಹೇಳಿದಳು. ಏನನ್ನು ತೋರಿಸುತ್ತೀಯ ಅಂತ ಮೊದಲೇ ಹೇಳಬಾರದು. ಹೇಳಿದರೆ ತಯಾರಾಗಿ ಬರುತ್ತಾರೆ. ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಸೈನ್ ತೆಗೆದುಕೊಳ್ಳಬೇಕು. ಅವರು ಒದ್ದಾಡುವಾಗ ನೀನು ತುಟಿ ಬಿಚ್ಚಬಾರದು. ಬಂದವರಿಗೆ ಕಂಪನಿ ಕಡೆಯಿಂದ ಒಂದೊಂದು ಟೀ ಶರ್ಟು.

ಗೋಪಿನಾಥ ಮೂರನ್ನೂ ಬರೆದುಕೊಂಡ, ಅಡಿಗೆರೆ ಎಳೆದ, ಬುಧವಾರ ಸಂಜೆ ಫೋನ್ ಹಿಡಿದು ಕೂತ. ಮೊದಲನೆಯ ಫೋನು ಸುರೇಶ್ ಅಂಕಲ್‌ಗೆ. ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿರುವ ಹಿರಿಯರು, ಕನ್ನಡ ಸಂಘದ ಅಧ್ಯಕ್ಷರು, ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಹಳೇ ಕಾಲದ ದೊಡ್ಡ ಕಂಪ್ಯೂಟರಿನ ಕೆಲಸ.

"ಅಂಕಲ್, ಭಾನುವಾರ ನಾಲ್ಕು ಗಂಟೆಗೆ ನಮ್ಮನೆಗೆ ಬರಬೇಕು. ನಿಮಗೊಂದು ತೋರಿಸ್ಬೇಕು."

"ಏನಪ್ಪಾ ಅದು?"

"ಅದನ್ನ ಫೋನಲ್ಲಿ ಹೇಳೋ ಹಾಗಿಲ್ಲ ಅಂಕಲ್."

ಆ ಕಡೆಯಿಂದ ಒಂದು ಕೆಮ್ಮು ಬಂತು. ಗೋಪಿನಾಥ ಆತಂಕಗೊಂಡು, ಸಮಾಧಾನವಾಗಲಿ ಎಂದು ಮುಂದುವರಿಸಿದ: "ಒಂದೇ ಒಂದು ಗಂಟೆ ಅಂಕಲ್. ನಿಮಗೇನೂ ನಷ್ಟ ಇಲ್ಲ. ಒಂದು ಕಾಗದಕ್ಕೆ ಸೈನ್ ಹಾಕಿದ್ರೆ ಆಯ್ತು. ಕಂಪನಿ ಕಡೆಯಿಂದ ಟೀ ಶರ್ಟೂ ಕೊಡ್ತಾರೆ. ಒಟ್ಟು ಐದು ಜನ ಆಗ್ಬೇಕು ನನಗೆ. ಐದು ಜನ ಆಗ್ಬಿಟ್ರೆ ನಾನು ಗೆದ್ದೆ."

ಆ ದಿನಗಳಲ್ಲಿ ಅಲ್ಲಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಇಲ್ಲದವರಿಗಾಗಿ ಹೇಳುತ್ತೇನೆ. ಮಾಲಿನಲ್ಲಿ ಯಾರೋ ಎದುರಾಗಿ "ಬೆಂಗಳೂರಿನವರಾ?" ಎಂದು ಹಲ್ಲು ಕಿರಿಯುತ್ತಾರೆ. ಮೂರು ದಿನಕ್ಕೆ ಫೋನು. ಏನೋ ತೋರಿಸಬೇಕು, ಏನೆಂದು ಫೋನಲ್ಲಿ ಹೇಳುವ ಹಾಗಿಲ್ಲ, ಮನೆಗೆ ಬನ್ನಿ. ಹೋದರೆ ಕಾಫಿ ಕೊಟ್ಟು, ಬೋರ್ಡಿನ ಮೇಲೆ ಒಂದು ಸೊನ್ನೆ ಬರೆದು, ಅದರ ಕೆಳಗೆ ಐದು ಸೊನ್ನೆ ಬರೆದು, ನೀವು ಐದು ಜನರನ್ನು ಸೇರಿಸಿ, ಆ ಐವರು ಐದೈದು ಜನರನ್ನು ಸೇರಿಸಲಿ ಎನ್ನುತ್ತಾರೆ. ಎಲ್ಲ ಸೊನ್ನೆಗಳೂ ಮುಗಿದ ಮೇಲೆ ಸೋಪು ಹೊರಗೆ ಬರುತ್ತದೆ. ಕಾಫಿ ಕುಡಿದ ತಪ್ಪಿಗೆ ಒಂದು ಡಬ್ಬ ಸೋಪು ಕೊಂಡೇ ಮನೆಗೆ ಬರಬೇಕು. ಆ ಊರಿನ ಪ್ರತಿ ಕನ್ನಡದ ಮನೆಯಲ್ಲೂ ಸಿಂಕಿನ ಕೆಳಗೆ ಅಂಥ ಒಂದು ಡಬ್ಬ ಇತ್ತು. ಗೋಪಿನಾಥನೊಬ್ಬನಿಗೆ ಇದು ಗೊತ್ತಿರಲಿಲ್ಲ. ಸೋಪಿನವರೂ ಅವನನ್ನು ಒಮ್ಮೆ ನೋಡಿ, ಇವನ ಕೈಲಾಗುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದರು.

ಸುರೇಶ್ ಅಂಕಲ್ ಫೋನ್ ಇಟ್ಟವರೇ ಹೆಂಡತಿಗೆ, "ಗೋಪಿನೂ ಬಿದ್ದ ಕಣೇ," ಎಂದರು.

ಗೋಪಿನಾಥ ಅದೇ ಮಾತುಗಳನ್ನು ಅಷ್ಟೇ ವಿನಯದಿಂದ ಇನ್ನು ಹದಿನಾಲ್ಕು ಜನಕ್ಕೆ ಹೇಳಿದ. ಆ ಭಾನುವಾರ ಊರಿನ ಹದಿನಾಲ್ಕು ಮನೆಗಳಲ್ಲಿ ಯಾರಿಗೋ ಜ್ವರ ಬರಲಿತ್ತು, ಅಥವಾ ಯಾರೋ ನೆಂಟರು ಶಾರ್ಲೆಟ್ ಊರಿನಿಂದ ಬರುವವರಿದ್ದರು.

ಶುಕ್ರವಾರ ಸಂಜೆ ಗೋಪಿನಾಥ, ಅವನ ಹೆಂಡತಿ ಶೈಲಜಾ ಪಕ್ಕದೂರು ಕ್ಯಾರಿಯ ಇಂಡಿಯನ್ ಅಂಗಡಿಗೆ ಹೋದರು. ಕರಿಬೇವಿನ ಹತ್ತಿರ ಚಿರಂತನ್ ನಿಂತಿದ್ದ; ಹೋದ ವರ್ಷ ಪ್ರೋಗ್ರಾಮರ್ ಆಗಿ ಬಂದ ಹುಡುಗ, ಒಬ್ಬನೇ ಇದ್ದ, ಶೈಲಜಾ ಕೈಯ ಹುಳಿ ಎಂದರೆ ಪ್ರಾಣ. ಗೋಪಿನಾಥ ಕೈ ಬೀಸಿದ. ಚಿರಂತನ್ ಬುಟ್ಟಿಯನ್ನು ಅಲ್ಲೇ ಇಟ್ಟು ಅಕ್ಕಿ ಮೂಟೆಗಳ ಹಿಂದೆ ಕುಳಿತ.

"ಏನಾದ್ರೂ ಬಿದ್ದೋಯ್ತೇನೋ ಪಾಪ," ಎಂದು ಗೋಪಿನಾಥ ತಾನೂ ಮೂಟೆಗಳ ಹಿಂದೆ ಬಗ್ಗಿ ನೋಡಿದ. "ಚಿರಂತನ್, ಏನು ಹುಡುಕ್ತಿದೀಯಾ?"

"ಸಾರ್, ನಂಗೆ ಇಲ್ಲಿ ಯಾರೂ ಫ್ರೆಂಡ್ಸೇ ಇಲ್ಲ ಸಾರ್," ಎಂದ ಚಿರಂತನ್ ಕೈ ಮುಗಿಯುತ್ತಾ. "ನನ್ನ ಕೈಲಿ ಯಾರನ್ನೂ ಸೇರ್ಸಕ್ಕಾಗಲ್ಲ."

ಕಾರಿನಲ್ಲಿ ಗೋಪಿನಾಥ ನಿಟ್ಟುಸಿರು ಬಿಟ್ಟ. "ಎಷ್ಟು ಒಂಟಿಯಾಗಿದಾನೆ ನೋಡು ಶೈಲೂ. ಆಗಾಗ ಊಟಕ್ಕೆ ಕರೀಬೇಕು."

ಶೈಲಜಾಗೆ ಗಂಡನ ಕೆಲಸ ಪೂರ್ತಿ ಅರ್ಥವಾಗದಿದ್ದರೂ ಅವನ ಮೇಲೆ ಪೂರ್ತಿ ನಂಬಿಕೆ ಇತ್ತು. ಐದು ತಿಂಗಳು ಅವನು ತಿನ್ನದೆ ವಾಪಸು ತಂದ ಮೊಸರನ್ನದ ಡಬ್ಬಿಗಳನ್ನು ಅವಳು ನೋಡಿದ್ದಳು. ಇಷ್ಟು ಒದ್ದಾಡಿ ಮಾಡಿದ್ದು ಮಣ್ಣುಪಾಲಾಗಬಾರದು ಎಂದು ಅವಳೇ ಹೊರಡಿಸಿ, ಶನಿವಾರ ಬೆಳಿಗ್ಗೆ ಇಬ್ಬರೂ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಲ್ಯಾನ್‌ಹ್ಯಾಮ್ ಊರಿನ ದೇವಸ್ಥಾನಕ್ಕೆ ಹೋದರು. ಅಲ್ಲೇ ಹತ್ತಿರದ ರಾಕ್‌ವಿಲ್‌ನಿಂದ ಅವಳ ತಂಗಿ ಮಾನ್ಯಾ, ಮಾನ್ಯಾಳ ಗಂಡ ಶ್ರೇಯಸ್ ಬಂದಿದ್ದರು. ಸುದ್ದಿ ಇವರ ಕಾರಿಗಿಂತ ಮೊದಲೇ ರಾಕ್‌ವಿಲ್ ಮುಟ್ಟಿತ್ತು. ಪ್ರದಕ್ಷಿಣೆ ಹಾಕುತ್ತಾ ಶ್ರೇಯಸ್ ಹತ್ತಿರ ಬಂದ.

"ಭಾವ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ಇನ್ನೂ ಎರಡು ವರ್ಷಕ್ಕಾಗೋಷ್ಟು ಇದೆ."

"ಏನು?"

"ಎಲ್ಲಾನೂ ಭಾವ. ಪಾತ್ರೆದು, ಬಟ್ಟೇದು, ಮೈದು. ಮಾನ್ಯಾಗೆ ಶೈಲಕ್ಕ ಕೇಳಿದ್ರೆ ಇಲ್ಲ ಅನ್ನಕ್ಕಾಗಲ್ಲ. ಕೇಳ್ಬೇಡ ಅಂತ ನೀವೇ ಅಕ್ಕಂಗೆ ಹೇಳ್ಬಿಡಿ."

ಗೋಪಿನಾಥನಿಗೆ ಏನೂ ತಿಳಿಯಲಿಲ್ಲ. ಆದರೆ ದೇವರ ಎದುರಿಗೆ ವಾದ ಬೇಡವೆಂದು, "ಆಗಲಿ, ದೇವರು ಹೀಗೇ ಸಮೃದ್ಧಿಯಾಗಿ ಇಟ್ಟಿರಲಿ," ಎಂದು ಹಾರೈಸಿ ಮುಂದೆ ನಡೆದ. ಶ್ರೇಯಸ್ ಅಲ್ಲೇ ನಿಂತು, ಮಾರುವುದರಲ್ಲಿ ಇವನು ಇಷ್ಟು ಪಳಗಿಬಿಟ್ಟನೇ ಎಂದು ಬೆರಗಾದ.

ಅದೇ ಶನಿವಾರ ಏಪೆಕ್ಸಿನಲ್ಲಿ ಸುರೇಶ್ ಅಂಕಲ್ ಮನೆಯಲ್ಲಿ ಸಭೆ ಸೇರಿತ್ತು. ಗೋಪಿನಾಥನ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ತಜಮ್ಮುಲ್ ಬಂದಿದ್ದ, ಅವನ ಹೆಂಡತಿ ಜೈನಬ್ ಬಂದಿದ್ದಳು. ಬೆಂಗಳೂರಿನ ಶಿವಾಜಿನಗರದವರು, ಇಬ್ಬರೂ ಪ್ರೋಗ್ರಾಮರ್‌ಗಳು, ಮಾತಿಗೆ ನಿಂತರೆ ಜೈನಬ್‌ಳನ್ನು ಗೆದ್ದವರಿಲ್ಲ. ಚಿರಂತನ್ ಇದ್ದ. ಟೆಲಿಫೋನ್ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಅಮೂಲ್ಯಾ ಇದ್ದಳು.

"ಓಡಿ ಹೋಗೋದು ಸರಿಯಲ್ಲ," ಎಂದರು ಸುರೇಶ್ ಅಂಕಲ್. "ನಮ್ಮ ಹುಡುಗ. ಐದು ಜನ ಕೇಳಿದಾನಲ್ಲ, ಐದೇ ಜನ ಹೋಗೋಣ. ಮುಖಕ್ಕೆ ಹೊಡೆದ ಹಾಗೆ ಬುದ್ಧಿ ಹೇಳೋಣ."

"ಒಂದು ಕಂಡೀಷನ್ ಅಂಕಲ್," ಎಂದಳು ಜೈನಬ್. "ಅಲ್ಲಿ ಯಾರೂ ಒಂದು ತೊಟ್ಟು ಕಾಫಿ ಕುಡೀಬಾರದು. ಶೈಲಜಾ ಕೈಯ ಕಾಫಿ ಕುಡಿದು ಆ ಮನೇಲಿ ಯಾರಿಗೆ ಬೈಯಕ್ಕಾಗತ್ತೆ?"

ಎಲ್ಲರೂ ಒಪ್ಪಿದರು. ಚಿರಂತನ್ ಸ್ವಲ್ಪ ತಡವಾಗಿ ಒಪ್ಪಿದ.

ಭಾನುವಾರ ನಾಲ್ಕು ಹೊಡೆಯುವಾಗ ಬಾಗಿಲು ತೆಗೆದ ಗೋಪಿನಾಥನಿಗೆ ಕಣ್ಣಲ್ಲಿ ನೀರೇ ಬಂತು. ಸರಿಯಾಗಿ ಐದು ಜನ! ಎಲ್ಲರ ಮುಖವೂ ಶವಸಂಸ್ಕಾರಕ್ಕೆ ಬಂದವರಂತಿದ್ದದ್ದನ್ನು ಅವನು ಗಮನಿಸಲಿಲ್ಲ. ಶೈಲಜಾ ಕೋಡುಬಳೆ, ಕೇಸರಿಬಾತು ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಕಾಫಿ ತಂದಳು. ಐದು ಲೋಟ ಐದು ಕಡೆ ಆರಿದವು. ಶೈಲಜಾಳ ಮುಖ ಚಿಕ್ಕದಾಯಿತು.

ಗೋಪಿನಾಥ ಟೇಪ್ ರೆಕಾರ್ಡರ್ ಒತ್ತಿ, ಡಾರ್ಲೀನ್ ಬರೆದುಕೊಟ್ಟಿದ್ದನ್ನು ಕನ್ನಡಕ್ಕೆ ತಂದು ಓದಿದ. "ನಾವಿವತ್ತು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ನಮ್ಮ ಪ್ರಾಡಕ್ಟನ್ನ ಪರೀಕ್ಷೆ ಮಾಡ್ತಿದೀವಿ. ದಯವಿಟ್ಟು ನಿಜ ಹೇಳಿ. ನನಗೆ ಬೇಜಾರಾಗತ್ತೆ ಅಂತ ಯೋಚಿಸ್ಬೇಡಿ."

"ನಿಜ ಹೇಳಕ್ಕೇ ಬಂದಿರೋದು," ಎಂದರು ಸುರೇಶ್ ಅಂಕಲ್.

ಗೋಪಿನಾಥ ಕಾಗದಗಳನ್ನು ಹಂಚಿದ. ಎಲ್ಲರೂ ಹಾವು ಮುಟ್ಟಿದ ಹಾಗೆ ಕೈ ಹಿಂದೆ ತೆಗೆದುಕೊಂಡರು. ಜೈನಬ್ ಮಾತ್ರ ತೆಗೆದುಕೊಂಡು ಮೊದಲಿನಿಂದ ಕೊನೆಯ ತನಕ ಓದಿದಳು. ಮತ್ತೊಮ್ಮೆ ಓದಿದಳು.

"ಏನಂತೆ?" ಎಂದ ತಜಮ್ಮುಲ್ ಮೆಲ್ಲಗೆ.

"ಇಲ್ಲಿ ನೋಡಿದ್ದನ್ನ ಯಾರಿಗೂ ಹೇಳಬಾರದಂತೆ."

"ಯಾರಿಗೂ ಹೇಳದೆ ಜನ ಸೇರ್ಸೋದು ಹೇಗೆ?"

"ಅದೇ ನನಗೂ ಗೊತ್ತಾಗ್ತಿಲ್ಲ."

"ಹೊಸ ಥರದ್ದಿರ್ಬೇಕು," ಎಂದರು ಸುರೇಶ್ ಅಂಕಲ್ ಗಂಭೀರವಾಗಿ. ಹೇಳಬಾರದು ಎನ್ನುವುದಕ್ಕೆ ಸೈನ್ ಹಾಕುವುದರಿಂದ ಯಾರಿಗೂ ಹಾನಿಯಿಲ್ಲವೆಂದು ಅಮೂಲ್ಯಾ ತೀರ್ಪು ಕೊಟ್ಟ ಮೇಲೆ ಎಲ್ಲರೂ ಹಾಕಿದರು.

ಆಮೇಲೆ ಗೋಪಿನಾಥ ಲ್ಯಾಪ್‌ಟಾಪ್ ತೆರೆದ. ಸೊನ್ನೆಗಳು ಬರಲಿಲ್ಲ. ಸೋಪು ಬರಲಿಲ್ಲ. ಪರದೆಯ ತುಂಬ ಪ್ರೋಗ್ರಾಂ. "ಈ ಇನ್ನೂರು ಫೈಲುಗಳಲ್ಲಿ ವರ್ಷವನ್ನ ಎರಡೇ ಅಂಕಿಯಲ್ಲಿ ಬರೆದಿರೋ ಜಾಗಗಳನ್ನೆಲ್ಲ ಹುಡುಕಿ," ಎಂದು ಹೇಳಿ ಪಕ್ಕಕ್ಕೆ ಸರಿದ.

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ದಿನದಿಂದ ಹೊಟ್ಟೆಯಲ್ಲಿ ಕಟ್ಟಿಟ್ಟುಕೊಂಡು ಬಂದಿದ್ದ ಬೈಗುಳ ಇತ್ತು. ಅದನ್ನು ಹಾಗೇ ವಾಪಸು ಒಯ್ಯುವುದು ಯಾರಿಂದಲೂ ಆಗದ ಕೆಲಸ. ಕೊನೆಗೆ ಎದುರಿಗಿದ್ದದ್ದರ ಮೇಲೇ ಸುರಿದರು.

"ಇಷ್ಟು ಸಣ್ಣ ಅಕ್ಷರ ಯಾಕೆ? ಇರುವೆಗೆ ಮಾಡಿದ್ದಾ ಇದು?" ಎಂದ ತಜಮ್ಮುಲ್.

"ಈ ಬಟನ್ ಇಲ್ಲಿ ಯಾಕಿದೆ? ನಂಗೆ ಅರ್ಥ ಆಗ್ಲಿಲ್ಲ. ಯಾರಿಗೂ ಆಗಲ್ಲ," ಎಂದಳು ಅಮೂಲ್ಯಾ.

ಚಿರಂತನ್ ಬಂದ ಕೆಲಸವೇ ಗೊತ್ತಾಗದೆ, ಸಿಕ್ಕಿದ್ದನ್ನೆಲ್ಲ ಒತ್ತಿ ನೋಡಿ, ಒಂದು ಚೌಕಕ್ಕೆ ಟಿಕ್ ಹಾಕಿ ಎದ್ದ. ಎದ್ದವನು ತಡೆಯಲಾರದೆ ಕೇಳಿಯೇಬಿಟ್ಟ: "ಸಾರ್, ಸೋಪೆಲ್ಲಿ?"

"ಬಾತ್‌ರೂಮಲ್ಲಿದೆಯಪ್ಪ, ಎಡಗಡೆ," ಎಂದ ಗೋಪಿನಾಥ.

ಆಮೇಲೆ ಕೂತವರು ಸುರೇಶ್ ಅಂಕಲ್. ಎರಡು ಸಾವಿರನೇ ಇಸವಿ ಹತ್ತಿರ ಬರುತ್ತಿತ್ತಲ್ಲ, ಎರಡೇ ಅಂಕಿಯಲ್ಲಿ ಬರೆದರೆ ಕಂಪ್ಯೂಟರು ಅದನ್ನು ಸಾವಿರದ ಒಂಬೈನೂರು ಎಂದುಕೊಳ್ಳುವ ಭಯ ಎಲ್ಲರಿಗೂ. ಇನ್ಶೂರೆನ್ಸ್ ಕಂಪನಿಯಲ್ಲಿ ಎಂಟು ತಿಂಗಳಿಂದ ಅವರಿಗೆ ಇದೇ ಕೆಲಸ, ಕಾಗದದ ಕಂತೆಗಳನ್ನು ಹರಡಿಕೊಂಡು ಹಳದಿ ಪೆನ್ನಿನಿಂದ ಎರಡಂಕಿಯ ವರ್ಷಗಳಿಗೆ ಗೆರೆ ಹೊಡೆಯುವುದು. ಅವರು ತಮ್ಮ ಎಲ್ಲ ಅನುಭವ ಸೇರಿಸಿ ಒಂದು ಪದ ಒತ್ತಿದರು. ತೆರೆದಿದ್ದ ಫೈಲೊಂದೇ ಭಾರಿ ಉದ್ದದ್ದು. ಪಟ್ಟಿಯಲ್ಲಿ ಹತ್ತೊಂಬತ್ತು ಸಾಲು ಬಂದು ನಿಂತವು. ಒಂದನ್ನು ಒತ್ತಿದರು. ಅಲ್ಲಿಗೇ ಹೋಯಿತು. ಇನ್ನೊಂದು ಒತ್ತಿದರು. ಹೋಯಿತು. ಸುರೇಶ್ ಅಂಕಲ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ಎಂಟು ತಿಂಗಳು," ಎಂದರು ತಮ್ಮಷ್ಟಕ್ಕೆ. "ಬೆರಳೆಲ್ಲ ಹಳದಿ ಆಗೋಗಿದೆ." ಆಮೇಲೆ ಬೈಯಲು ಬಂದದ್ದು ನೆನಪಾಗಿ, "ಬಣ್ಣ ಚೆನ್ನಾಗಿಲ್ಲ," ಎಂದು ಎದ್ದರು.

ಕೊನೆಗೆ ಜೈನಬ್. ಅವಳು ಬೇರೊಂದು ಪದ ಒತ್ತಿದಳು. ವಿಂಡೋ 'ಇಲ್ಲ' ಎಂದಿತು. ಮತ್ತೆ ಒತ್ತಿದಳು. 'ಇಲ್ಲ'. ಬೇರೆ ಫೈಲೊಂದನ್ನು ತಾನೇ ತೆರೆದು, ಆ ಪದದ ಮೇಲೆ ಬೆರಳಿಟ್ಟು, ಹಿಂದಿನ ಫೈಲಿಗೆ ಬಂದು ಮತ್ತೆ ಹುಡುಕಿದಳು. 'ಇಲ್ಲ'.

ಗೋಪಿನಾಥನಿಗೆ ಜೀವ ಬಾಯಿಗೆ ಬಂತು. ಚಿರಂತನ್ ಟಿಕ್ ಹಾಕಿದ ಚೌಕ 'ಈ ಒಂದು ಫೈಲಿನಲ್ಲಿ ಮಾತ್ರ' ಎನ್ನುವುದು. ಅದು ಹಾಗೇ ಉಳಿದಿತ್ತು. ಸುರೇಶ್ ಅಂಕಲ್‌ಗೆ ಸಿಕ್ಕಿದ್ದೂ ಆ ಒಂದೇ ಫೈಲಿನಲ್ಲಿದ್ದದ್ದು. ಇನ್ನೂರು ಫೈಲು ಹುಡುಕಿದೆ ಎಂದು ಜೈನಬ್ ತಿಳಿದಿದ್ದಾಳೆ. ಅದು ಒಂದನ್ನೇ ನೋಡಿ ಇಲ್ಲ ಎನ್ನುತ್ತಿದೆ. ಮನೆಗೆ ಬಂದ ಹೆಣ್ಣುಮಗಳು ಕಷ್ಟಪಡುತ್ತಿರುವಾಗ ಸುಮ್ಮನಿರುವುದು ಹೇಗೆ? ಅವನು ಬಾಯಿ ತೆರೆದ. ನಿಯಮವನ್ನು ಬಾಯಿಪಾಠ ಮಾಡಿಕೊಂಡಿದ್ದ ಶೈಲಜಾ ಫಕ್ಕನೆ ಅದರೊಳಗೆ ಒಂದು ಕೋಡುಬಳೆ ಇಟ್ಟಳು. ಅದು ಮುಗಿಯುತ್ತಿದ್ದಂತೆ ಇನ್ನೊಂದು. ಜೈನಬ್ ಆರು ನಿಮಿಷ ಒದ್ದಾಡಿದಳು, ಗೋಪಿನಾಥ ಏಳು ಕೋಡುಬಳೆ ತಿಂದ.

"ಗೋಪಿ ಭಾಯಿ!" ಜೈನಬ್ ಕುರ್ಚಿ ಹಿಂದಕ್ಕೆ ತಳ್ಳಿದಳು. "ಇದು ಸುಳ್ಳು ಹೇಳತ್ತೆ! ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ನಲಿ. ಇಲ್ಲ ಅನ್ನಕ್ಕೆ ಇದ್ಯಾರು? ಎಲ್ಲಿ ನೋಡ್ತು, ಎಷ್ಟು ನೋಡ್ತು, ಒಂದೂ ಹೇಳಲ್ಲ. ಮಂಚದ ಕೆಳಗೆ ಮಾತ್ರ ಬಗ್ಗಿ ನೋಡಿ ಮನೇಲಿ ಚಪ್ಪಲೀನೇ ಇಲ್ಲ ಅಂತಾರಲ್ಲ ನಮ್ಮ ಯಜಮಾನರು, ಹಾಗಿದೆ ಇದು!"

"ನನ್ನನ್ಯಾಕೆ ಎಳೀತೀಯಾ?" ಎಂದ ತಜಮ್ಮುಲ್.

ಟೇಪ್ ಕಟಕ್ಕೆಂದು ಮುಗಿಯಿತು. ಗೋಪಿನಾಥ ಎದ್ದು ಕೈ ಮುಗಿದು, "ನನ್ನದೇ ತಪ್ಪು," ಎಂದ, ಬಾಯಲ್ಲಿ ಅರ್ಧ ಕೋಡುಬಳೆ ಇಟ್ಟುಕೊಂಡೇ. ನಂತರ ಎಲ್ಲವನ್ನೂ ವಿವರಿಸಿದ. ಕಂಪನಿ, ಐದು ತಿಂಗಳು, ಡಾರ್ಲೀನ್, ಸೋಮವಾರ. ವಿವರಿಸುತ್ತಾ ಹೋದಂತೆ ಐವರ ತಲೆಗಳೂ ಒಂದೊಂದಾಗಿ ತಗ್ಗಿದವು.

"ಅಂದ್ರೆ ನೀನು ಸೋಪು ಮಾರ್ತಿಲ್ವಾ?" ಎಂದರು ಸುರೇಶ್ ಅಂಕಲ್.

"ಯಾವ ಸೋಪು ಅಂಕಲ್?"

ಮೊದಲು ನಕ್ಕವಳು ಶೈಲಜಾ. ಅಕ್ಕಿ ಮೂಟೆ, ರಾಕ್‌ವಿಲ್, ಆರಿದ ಕಾಫಿ ಎಲ್ಲ ಅವಳಿಗೆ ಒಟ್ಟಿಗೆ ಅರ್ಥವಾಯಿತು. ಕಾಫಿ ಮತ್ತೆ ಬಿಸಿಯಾಯಿತು. ಚಿರಂತನ್ ಕೇಸರಿಬಾತಿನ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡ. ಸುರೇಶ್ ಅಂಕಲ್ ಮಾತ್ರ ಮತ್ತೆ ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತು, ಆ ಟಿಕ್ ತೆಗೆಸಿ ಇನ್ನೂರು ಫೈಲನ್ನೂ ಹುಡುಕಿಸಿದರು. ಪಟ್ಟಿ ಇಳಿಯುತ್ತಲೇ ಹೋಯಿತು. ಅವರ ಮನೆಯಿಂದ ಫೋನ್ ಬರುವ ತನಕ ಏಳಲಿಲ್ಲ.

ಸೋಮವಾರ ಹತ್ತು ಗಂಟೆಗೆ ಡಾರ್ಲೀನ್ ಬಾಗಿಲು ಹಾಕಿಕೊಂಡು ಟೇಪ್ ಕೇಳಿದಳು. ಅರ್ಧ ಇಂಗ್ಲಿಷ್ ಇತ್ತು; ಮಿಕ್ಕಿದ್ದನ್ನು ಗೋಪಿನಾಥ, ಒಂದು ಬೈಗುಳವನ್ನೂ ಬಿಡದೆ, ಪ್ರಾಮಾಣಿಕವಾಗಿ ಅನುವಾದ ಮಾಡಿ ಹೇಳಿದ. ಇರುವೆ, ಚಪ್ಪಲಿ ಎರಡನ್ನೂ ಹೇಳಿದ. ಸೋಪನ್ನೂ ಹೇಳಿದ. ಹೇಳಿ ಮುಗಿಸಿ, ಕೆಲಸ ಹೋದರೆ ತನ್ನ ಮೇಜಿನ ಸಾಮಾನು ಎಷ್ಟು ಪೆಟ್ಟಿಗೆಗಳಾಗಬಹುದು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿದ.

"ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದಳು ಡಾರ್ಲೀನ್. "ಸ್ನೇಹಿತರನ್ನು ಕರೆದರೆ ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಇಷ್ಟು ನಿಜವಾದ ಟೇಪ್ ನಾನು ಕೇಳೇ ಇಲ್ಲ." ಆಮೇಲೆ ಮೇಜು ಬಡಿದಳು. "ಆದರೆ ಆ ಹೆಂಗಸು ಹೇಳಿದ್ದು ಸರಿ. ಅದನ್ನು ಸರಿಮಾಡದೆ ಇದು ಹೊರಗೆ ಹೋಗೋದಿಲ್ಲ. ಗುರುವಾರ ಆಕೆಯನ್ನೇ ಇಲ್ಲಿಗೆ ಕರೆಸು. ನಾನೇ ಕೂತು ನೋಡ್ತೀನಿ. ಆಕೆ ಒಪ್ಪಿದರೆ ಉಂಟು, ಇಲ್ಲದಿದ್ದರೆ ಹಳೇದು."

ಮೂರು ದಿನ ಗೋಪಿನಾಥ ಆ 'ಇಲ್ಲ' ಎಂಬ ಒಂದು ಪದದ ಜೊತೆ ಗುದ್ದಾಡಿದ. ಕೊನೆಗೆ ಅದನ್ನು ತೆಗೆದೇ ಹಾಕಿದ. ಈಗ ವಿಂಡೋ ಹೀಗೆ ಹೇಳುತ್ತಿತ್ತು: 'ಈ ಒಂದು ಫೈಲಿನಲ್ಲಿ ನೋಡಿದೆ, ಸಿಗಲಿಲ್ಲ. ಬೇರೆ ಫೈಲುಗಳಲ್ಲಿ ಏಳು ಕಡೆ ಇದೆ. ತೋರಿಸಲೇ?' ತಗ್ಗಿ ಬಗ್ಗಿ ನಡೆಯುವ ಅವನ ಗುಣವೇ ಅದಕ್ಕೂ ಬಂದಂತಿತ್ತು. ಇಷ್ಟಾದರೂ ಅವನಿಗೆ ಹೊಸ ಭಯ. ಗುರುವಾರ ಬೆಳಿಗ್ಗೆ ಜೈನಬ್‌ಳನ್ನು ಕಾರಿನಲ್ಲಿ ಕರೆತರುತ್ತಾ ಬೇಡಿಕೊಂಡ. "ಭಾನುವಾರ ನಮ್ಮನೇಲಿ ಕಾಫಿ ಕುಡಿದ್ರಲ್ಲ, ಅದನ್ನ ಮನಸ್ಸಲ್ಲಿಟ್ಕೋಬೇಡಿ. ಬೈಯೋದಿದ್ರೆ ಬೈದೇ ಬಿಡಿ."

"ಬೈಯೋ ಹಾಗಿದ್ರೆ ಬೈತೀನಿ," ಎಂದಳು ಜೈನಬ್. "ನೀವು ಹೇಳಿಕೊಡಬೇಕಾಗಿಲ್ಲ."

ಡಾರ್ಲೀನಳ ಕೋಣೆಯ ಬಾಗಿಲು ಮುಚ್ಚಿತು. ಗೋಪಿನಾಥ ಹೊರಗೆ ಗೋಡೆಗೆ ಕಿವಿ ಇಟ್ಟು ನಿಂತ. ಒಳಗಿಂದ ಕೀಬೋರ್ಡಿನ ಸದ್ದು ಬಿಟ್ಟರೆ ಏನೂ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ಒಂದು ಬೈಗುಳವಾದರೂ ಕೇಳಿಸಲಿ ಎಂದು ಅವನು ಹಂಬಲಿಸಿದ. ಕೊನೆಗೆ ಬಾಗಿಲು ತೆರೆಯಿತು.

"ಹೇಗಿತ್ತು?" ಎಂದ.

"ಏನು?" ಎಂದಳು ಜೈನಬ್.

"ಸರ್ಚು!"

"ಓ, ಅದಾ? ಮರೆತೇಹೋಯ್ತು ಗೋಪಿ ಭಾಯಿ. ಅವರು ಕೊಟ್ಟ ಪ್ರೋಗ್ರಾಮಲ್ಲಿ ಒಂದು ತಪ್ಪಿತ್ತು, ಹಿಡಿದೆ. ಅದರಿಂದ ಇನ್ನೊಂದು ಸಿಕ್ತು, ಅದನ್ನೂ ಹಿಡಿದೆ. ಟೈಮ್ ಆಯ್ತು ಅಂತ ಆಯಮ್ಮ ಎಬ್ಬಿಸಿದ್ರು. ಇನ್ನೂ ಎರಡಿವೆ ಒಳಗೆ."

ಹಿಂದೆಯೇ ಬಂದ ಡಾರ್ಲೀನ್ ತನ್ನ ಕೈಯಲ್ಲಿದ್ದ ಹಾಳೆಯನ್ನು ಗೋಪಿನಾಥನ ಮುಖದ ಮುಂದೆ ಹಿಡಿದಳು. ದೂರು ಬರೆಯುವ ಜಾಗ ಪೂರ್ತಿ ಖಾಲಿ. ಕಾಫಿಯ ದಾಕ್ಷಿಣ್ಯಕ್ಕೆ ಬೈಯದೆ ಬಿಟ್ಟಳೇ ಎಂದು ಗೋಪಿನಾಥನ ಮುಖ ಹಾಳೆಗಿಂತ ಬೆಳ್ಳಗಾಯಿತು.

"ಉಸಿರಾಡು," ಎಂದಳು ಡಾರ್ಲೀನ್. "ಹುಡುಕ್ತಾ ಇದೀನಿ ಅನ್ನೋದೇ ಆಕೆಗೆ ನೆನಪಿರಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ನೋಡಿಲ್ಲ. ಹಳೇದನ್ನು ಇವತ್ತೇ ಕಿತ್ತು ಬಿಸಾಕು."

ಗೋಪಿನಾಥ ಓಡಿಹೋಗಿ ಮನೆಗೆ ಫೋನ್ ಮಾಡಿದ.

"ಶೈಲೂ," ಎಂದ, "ಜೈನಬ್ ನನ್ನ ವಿಂಡೋ ಬಗ್ಗೆ ಒಂದೇ ಒಂದು ಮಾತೂ ಆಡ್ಲಿಲ್ಲ ಕಣೇ!" ಅಷ್ಟು ಹೇಳುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳುವೇ ಬಂದುಬಿಟ್ಟಿತು.

"ಅದಕ್ಯಾಕ್ರೀ ಅಳ್ತೀರಾ?" ಎಂದಳು ಶೈಲಜಾ ಸಿಟ್ಟಿನಿಂದ. "ಐದು ತಿಂಗಳು ಊಟ ಬಿಟ್ಟು ಮಾಡಿದ್ದಕ್ಕೆ ಒಂದು ಮಾತೂ ಆಡ್ಲಿಲ್ವಾ ಅವಳು? ಸಂಜೆ ಮೇಲಿನ ಮನೆಗೆ ಬರ್ಲಿ, ನಾನು ವಿಚಾರಿಸ್ಕೋತೀನಿ!"